ರಿಪೋರ್ಟ್ ಕಪಾಟಿನಲ್ಲೇ ಕೂತ್ರೆ ಎಂತ ಪ್ರಯೋಜನ?

ಪ್ರಶ್ನೆ: ಅಕ್ಕಾ, ವಿದೇಶಿ ಫಂಡ್‌ನಲ್ಲಿ ನಡೆಯುವ ಒಂದು ನೀರಿನ ಪ್ರಾಜೆಕ್ಟ್‌ನಲ್ಲಿ ನನ್ಗೆ ಫೀಲ್ಡ್ ಕೆಲಸ. ಫಂಡ್ ಕೊಡುವವರು 'ಪೊಲಿಟಿಕಲ್ ಇಕಾನಮಿ ಅನಾಲಿಸಿಸ್' (ಅಧಿಕಾರ, ಹಣ ಯಾರ ಕೈಲಿ, ಯಾರಿಗೆ ಎಂತ ಲಾಭ ಅಂತ ನೋಡುವ ಅಧ್ಯಯನ) ಬೇಕು ಅಂದ್ರು, ಹೊರಗಿಂದ ಕನ್ಸಲ್ಟೆಂಟ್ ಬಂದು ದಪ್ಪ ರಿಪೋರ್ಟ್ ಬರ್ದು ಹೋದ್ರು, ನಮ್ಮ ಕೆಲಸ ಮೊದಲು ಹೇಗಿತ್ತೋ ಹಾಗೇ ಉಂಟು. ಇದೆಲ್ಲ ಬೇಕಾ? (ಒಬ್ಬ ಓದುಗ, ಬದಿಯಡ್ಕ)

ಉತ್ತರ: ಬೇಕು ತಮ್ಮಾ, ಆದ್ರೆ ಆ ರೂಪದಲ್ಲಿ ಅಲ್ಲ. ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ಬ್ರಿಟನ್‌ನ ಸರ್ಕಾರಿ ಇಲಾಖೆ ಡಿಎಫ್‌ಐಡಿಯವ್ರು 2000ದ ದಶಕದ ಸುರುವಿಗೆ 'ಡ್ರೈವರ್ಸ್ ಆಫ್ ಚೇಂಜ್' ಅಂತ ಒಂದೊಂದು ದೇಶದ ಮೇಲೂ ಇಂಥ ಅಧ್ಯಯನ ಮಾಡಿಸಿದ್ರು, ಅಲ್ಲಿ ಅಧಿಕಾರ ಯಾರ ಕೈಲಿ, ಅದು ಹೇಗೆ ಬಂತು ಅಂತೆಲ್ಲ ಅರ್ಥ ಆಯ್ತು, ಆದ್ರೆ ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಿ ಎಂತ ಮಾಡುದು ಅನ್ನುದಕ್ಕೆ ಅದ್ರಲ್ಲಿ ಉತ್ತರ ಇರ್ಲಿಲ್ಲ. ಹಾಗಾಗಿ ಮತ್ತೆ ಇಡೀ ದೇಶವನ್ನು ನೋಡುದು ಬಿಟ್ಟು ಒಂದೊಂದೇ ಸಮಸ್ಯೆ ಹಿಡ್ಕೊಂಡು ನೋಡ್ಲಿಕ್ಕೆ ಸುರು ಮಾಡಿದ್ರು.

ನಮ್ಮ ಕಟ್ಟದ್ದೇ ತಗೋ. ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟಿದ್ರೆ ಆಚೀಚೆ ಬಾವಿಲಿ ನೀರು ನಿಲ್ತದೆ, ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೆ ಟ್ರೈನಿಂಗ್ ಬೇಡ. ಆದ್ರೂ ಕಟ್ಟ ಕಮ್ಮಿ ಆಯ್ತಲ್ಲ, ಯಾಕೆ? ಬೋರ್‌ವೆಲ್ ಇದ್ದವನಿಗೆ ಕಟ್ಟದ ಕೆಲಸಕ್ಕೆ ಬರುವ ಅಗತ್ಯ ಇಲ್ಲ, ಅವನ ತೋಟವೇ ತೋಡಿನ ಬದಿಲಿದ್ರೆ ಅವ ಬೇಡ ಅಂದ್ರೆ ಮುಗೀತು. ಅವ ಯಾರ ಮಾತು ಕೇಳ್ತಾನೆ, ವಾರ್ಡ್ ಮೆಂಬರದ್ದಾ, ದೇವಸ್ಥಾನದ ಮೊಕ್ತೇಸರರದ್ದಾ? ಕೆಳಗಿನ ತೋಟದವ್ರಿಗೆ ನೀರು ಬರ್ಲಿಕ್ಕಿಲ್ಲ ಅನ್ನುವ ಹೆದರಿಕೆ ಉಂಟಾ? ಪಂಚಾಯತ್ ಎಲೆಕ್ಷನ್ ಹತ್ರ ಬಂದ್ರೆ ಮೆಂಬರ್ ಎರಡೂ ಕಡೆಯವ್ರನ್ನು ಬಿಟ್ಟುಕೊಡುದಿಲ್ಲ, ಆಗ ಅವ್ರ ಹತ್ರ ಹೋಗಿ ಸಮಯ ಹಾಳು. ಇಷ್ಟು ನಿನ್ಗೆ ಗೊತ್ತಿದ್ರೆ ಅದೇ ವಿಶ್ಲೇಷಣೆ. ಸಂಶೋಧಕರು 2016ರಲ್ಲಿ 'ಎವ್ರಿಡೇ ಪೊಲಿಟಿಕಲ್ ಅನಾಲಿಸಿಸ್' ಅಂತ ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಆ ಮನುಷ್ಯನಿಗೆ ಎಂತ ಬೇಕು, ಬದಲಾವಣೆ ಮಾಡ್ಲಿಕ್ಕೆ ಅವನ ಕೈಲಿ ಎಷ್ಟು ಆಗ್ತದೆ.

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳುದಿಲ್ಲ. ಕೆಲಸಕ್ಕೆ ಬರುವ ಮಾತು ರಿಪೋರ್ಟಲ್ಲಿ ಬರೀಲಿಕ್ಕೆ ಆಗುದಿಲ್ಲ, ಅದ್ರಲ್ಲಿ ಜನರ ಹೆಸರು ಇರ್ತದೆ, ಆ ರಿಪೋರ್ಟ್ ನಾಳೆ ಯಾರ ಟೇಬಲಿಗೂ ಹೋಗ್ಬಹುದು, ಹಾಗಾಗಿ ಕನ್ಸಲ್ಟೆಂಟ್ ಎಲ್ಲ ನುಣ್ಣಗೆ ಮಾಡಿ ಬರೀತಾರೆ, ಅದನ್ನು ಓದಿ ನಿನ್ಗೆ ಬೇಜಾರಾದದ್ದು ಸರಿಯೇ. ಅದ್ರ ಬದ್ಲು ತಿಂಗಳಿಗೊಮ್ಮೆ ಫೀಲ್ಡಿನವ್ರೇ ಅರ್ಧ ಗಂಟೆ ಕೂತು ಮಾತಾಡಿ, ಪೇಪರಲ್ಲಿ ಬರೀಬೇಕಾದ್ದು ಮುಂದಿನ ತಿಂಗಳು ಎಂತ ಬೇರೆ ಮಾಡ್ತೇವೆ ಅಂತ ಮಾತ್ರ.

ಅದ್ಕಿಂತ ಮೊದ್ಲು ಫಂಡಿನವ್ರ ಹತ್ರ ಒಂದು ಕೇಳು: ಪ್ಲಾನ್ ನಡುವಲ್ಲಿ ಬದಲಾಯಿಸ್ಲಿಕ್ಕೆ ಬಿಡ್ತೀರಾ? ಮಾರ್ಚ್ ಒಳಗೆ ಇಂತಿಷ್ಟು ಕಟ್ಟ ಆಗ್ಲೇಬೇಕು ಅಂತ ಸಹಿ ಹಾಕಿಸಿಕೊಂಡ್ರೆ ನೀನು ಕಟ್ಟ ಬೇಡ ಅನ್ನುವವನ ಮನೆ ಬಿಟ್ಟು ಸುಲಭದ ಜಾಗೆಲೇ ಕಟ್ಟುದು, ಅಲ್ವಾ.