ವಿಂಡೋಸ್ 10 ಚೆನ್ನಾಗೇ ಓಡ್ತಿದೆ, 11ಕ್ಕೆ ಹೋಗಲೇಬೇಕಾ?

ನಿಮ್ಮ ಕಂಪ್ಯೂಟರ್ ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್‌ನದು, 8 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ಜೊತೆಗೊಂದು ಹಳೇ ಸ್ಕ್ಯಾನರ್ ಅಂದಿದ್ದೀರಿ. ನನ್ನ ಪ್ರಕಾರ ಹೋಗಿ, ಆದರೆ ಇವತ್ತೇ ಬೇಡ.

ಹೋಗಿ ಅನ್ನೋದಕ್ಕೆ ಕಾರಣ ಹೊಸ ಮೆನು, ಬಣ್ಣ ಅಲ್ಲ. ಅದೆಲ್ಲ ಸುಮ್ನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ಓಡುತ್ತಲೇ ಇರುತ್ತದೆ, ಆದರೆ ಹೊಸದಾಗಿ ಸಿಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲ. ವಿಸ್ತರಿತ ಭದ್ರತಾ ಯೋಜನೆಗೆ ಸೇರಿದರೆ ಸ್ವಲ್ಪ ಕಾಲ ತಳ್ಳಬಹುದು, ಅಷ್ಟೇ. ಬ್ಯಾಂಕ್ ವ್ಯವಹಾರ ಅದರಲ್ಲೇ ಮಾಡ್ತೀರಿ ಅಂದಮೇಲೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಮೊದಲು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿ, ನಿಮ್ಮ ಕಂಪ್ಯೂಟರ್ 11ಕ್ಕೆ ಹೊಂದುತ್ತದಾ ಅಂತ ಅದು ಹೇಳುತ್ತದೆ. ಟಿಪಿಎಂ 2.0 (11ಕ್ಕೆ ಬೇಕಾದ ಭದ್ರತಾ ಸೌಲಭ್ಯ) ಇಲ್ಲ ಅಂತ ಬಂದರೆ ಗಾಬರಿ ಬೇಡ. ಎಷ್ಟೋ ಸಲ ಅದು ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಸೆಟ್ಟಿಂಗ್ಸ್ ಆದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿದರೆ ಸಾಕು.

ನಿಜವಾದ ತೊಡಕು ಹಾರ್ಡ್ ಡಿಸ್ಕ್. ಅದರ ಮೇಲೆ 11 ತೆವಳುತ್ತದೆ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್) ಹಾಕಿಸಿ, ಆಮೇಲೆ ಮುಂದುವರಿಯಿರಿ. ಸ್ಕ್ಯಾನರ್‌ಗೆ 64 ಬಿಟ್ ಡ್ರೈವರ್ (ಅದನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಇದೆಯಾ ಅಂತ ತಯಾರಕರ ಜಾಲತಾಣದಲ್ಲಿ ನೋಡಿ, ಏಕೆಂದರೆ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಹಿಡಿಸದಿದ್ದರೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ಹತ್ತು ದಿನದೊಳಗೆ ವಿಂಡೋಸ್ 10ಕ್ಕೆ ವಾಪಸ್ ಬರಬಹುದು. ಅಷ್ಟರೊಳಗೆ ಸ್ಕ್ಯಾನರ್ ಒಮ್ಮೆ ಓಡಿಸಿ ನೋಡಿ.