ಹರಳುಕಲ್ಲು ತುಂಬಿದ ಹುಳಿ ಮಣ್ಣಿನಲ್ಲಿ ಹಾಡಿಯ ಮರಗಳು ಇಷ್ಟು ಹಸಿರಾಗಿರುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ ಮನೆ ಹಿಂದಿನ ಹಾಡಿಯಲ್ಲಿ, ಅಂದರೆ ಸಣ್ಣ ಕಾಡಿನಲ್ಲಿ, ಮೂರು ಅಡಿ ಗುಂಡಿ ತೆಗೆಸಿದಿರಿ. ಮೇಲೆ ಒಂದು ಗೇಣು ಕಪ್ಪು ಮಣ್ಣು, ಕೆಳಗೆಲ್ಲ ಕೆಂಪು, ಅದರಲ್ಲಿ ಅರ್ಧಕ್ಕರ್ಧ ಹರಳುಕಲ್ಲು, ಅಂದರೆ ಹರಳು ಹರಳಾದ ಸಣ್ಣ ಕಲ್ಲು. ಮೇಲಿನ ಮಣ್ಣನ್ನು ಪರೀಕ್ಷೆಗೆ ಕೊಟ್ಟರೆ ಪಿಎಚ್ (ಹುಳಿಯ ಅಳತೆ) 5.1, ಸಾವಯವ ಇಂಗಾಲ ‘ಅಧಿಕ’, ಪೊಟ್ಯಾಷ್ ‘ಕಡಿಮೆ’ ಅಂತ ಚೀಟಿ ಬಂತು. ಇದು ಒಳ್ಳೆ ಮಣ್ಣಾ, ಕೆಟ್ಟ ಮಣ್ಣಾ? ಕೆಟ್ಟದ್ದಾದರೆ ಅಷ್ಟು ದೊಡ್ಡ ಮರಗಳು ಹೇಗೆ ನಿಂತಿವೆ? ಇಷ್ಟೇ ಅಲ್ವಾ?

ನಾನು ಮಣ್ಣು ಓದಿದವನಲ್ಲ. ಕಾರ್ಕಳ ತಾಲೂಕಿನಲ್ಲಿ ಸ್ವಲ್ಪ ಅಡಿಕೆ ತೋಟ, ಅದರ ತಲೆಯ ಮೇಲೆ ಒಂದು ತುಂಡು ಹಾಡಿ ಉಂಟು. ಇದೇ ಮಣ್ಣಿನಿಂದ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಅದಾದ ಮೇಲೆ ಗುಂಡಿ ತೋಡಿ ತೋಡಿ ಕಲಿತದ್ದನ್ನು ಹೇಳುತ್ತೇನೆ.

ನಿಮ್ಮ ಮರಗಳು ಊಟ ಮಾಡುವುದು ಆ ಒಂದು ಗೇಣಿನಲ್ಲಿ, ಅದಕ್ಕಿಂತಲೂ ಜಾಸ್ತಿ ಅದರ ಮೇಲೆ ಬಿದ್ದ ತರಗೆಲೆಯಲ್ಲಿ. ಕೆಳಗಿನ ಕೆಂಪು ಮಣ್ಣು ಅವಕ್ಕೆ ಹಿಡಿದು ನಿಲ್ಲಲಿಕ್ಕೆ, ಬೇಸಗೆಯಲ್ಲಿ ಒಂದಿಷ್ಟು ನೀರಿಗೆ. ಹಾಗಾಗಿ ‘ಒಳ್ಳೆಯದಾ ಕೆಟ್ಟದ್ದಾ’ ಅಂತ ಇಡೀ ಗುಂಡಿಗೆ ಒಂದೇ ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಒಂದೊಂದು ಪದರಕ್ಕೂ ಬೇರೆ ಬೇರೆ ಉತ್ತರ.

ಮೇಲಿಂದ ಶುರು ಮಾಡುವ. ಡಿಸೆಂಬರಿನಲ್ಲಿ ನಮ್ಮ ಹಾಡಿಯಲ್ಲಿ ಕೂತು ತರಗೆಲೆಯನ್ನು ಕೈಯಲ್ಲೇ ಬಗೆದು ನೋಡಿದ್ದೆ. ಮೇಲಿನ ಎಲೆಗಳು ಹಪ್ಪಳದ ಹಾಗೆ, ಮುಟ್ಟಿದರೆ ಮುರಿಯುತ್ತವೆ. ಅದರ ಅಡಿಯವು ಒದ್ದೆ, ಕಪ್ಪು, ಒಂದಕ್ಕೊಂದು ಅಂಟಿಕೊಂಡಿವೆ. ಇನ್ನೂ ಕೆಳಗಿನವಕ್ಕೆ ನರ ಮಾತ್ರ ಉಳಿದಿದೆ, ಅದರ ಮೇಲೆ ಹತ್ತಿ ಎಳೆಯಂಥ ಬಿಳಿ ಶಿಲೀಂಧ್ರ. ನಾನು ಕೈ ಹಾಕಿದ್ದೇ ಒಂದು ಚೋರಟೆ, ಅಂದರೆ ಸಾವಿರ ಕಾಲಿನ ಹುಳ, ಚಕ್ಕುಲಿಯ ಹಾಗೆ ಸುತ್ತಿಕೊಂಡಿತು. ನನಗೆ ಆಶ್ಚರ್ಯವಾದದ್ದು ಬೇರುಗಳನ್ನು ನೋಡಿ. ನೂಲಿನಷ್ಟು ಸಪೂರದ ಬೇರುಗಳು ಮಣ್ಣಿನಿಂದ ಮೇಲಕ್ಕೆ ಎದ್ದು ಕೊಳೆತ ಎಲೆಯೊಳಗೇ ನುಗ್ಗಿದ್ದವು. ಬೇರು ಕೆಳಗೆ ಹೋಗುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೆ. ಇಲ್ಲಿ ಅದು ಊಟ ಇದ್ದ ಕಡೆಗೆ ಹೋಗಿತ್ತು.

ಇಷ್ಟೆಲ್ಲ ನಡೆಯುವ ಪದರ ಎರಡು ಇಂಚು ದಪ್ಪವೂ ಇರಲಿಲ್ಲ. ಚಳಿ ದೇಶದ ಕಾಡುಗಳಲ್ಲಿ ಎಲೆ ಬೇಗ ಕೊಳೆಯದೆ ದಪ್ಪಕ್ಕೆ ರಾಶಿ ಬೀಳುತ್ತದೆ. ನಮ್ಮ ಸೆಕೆಗೂ ಮಳೆಗೂ ಒಂದೆರಡು ಮಳೆಗಾಲದಲ್ಲಿ ಎಲ್ಲ ಕರಗಿ ಹೋಗುತ್ತದೆ. ಕರಗಿದ್ದನ್ನು ಬೇರು ಅಲ್ಲೇ ಹಿಡಿದುಕೊಳ್ಳಬೇಕು. ತಪ್ಪಿದರೆ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ.

ಅದರ ಕೆಳಗೆ ನೀವು ಹೇಳಿದ ಕಪ್ಪು ಮಣ್ಣು. ಕಪ್ಪು ಅಂದರೂ ಬಯಲುಸೀಮೆಯ ಎರೆಮಣ್ಣಿನ ಕಪ್ಪಲ್ಲ, ಗಾಢ ಕಂದು. ಹಿಂಡಿದರೆ ಉಪ್ಪಿಟ್ಟಿನ ಹಾಗೆ ಉದುರುತ್ತದೆ. ಹಾರೆಗೆ ಸಲೀಸು. ಹರಳು ಇಲ್ಲೂ ಉಂಟು, ಆದರೆ ಕಮ್ಮಿ. ನಮ್ಮಲ್ಲಿ ಇದು ಆರೇಳು ಇಂಚು. ಇಳಿಜಾರಿನ ತುದಿಯಲ್ಲಿ ಮೂರೇ ಇಂಚು, ಕೆಳಗೆ ಬೈಲಿನ ಅಂಚಿಗೆ ಬಂದರೆ ಒಂದು ಅಡಿ.

ಆಮೇಲೆ ಕೆಂಪು. ಇಲ್ಲಿ ಹಾರೆ ‘ಟಣ್’ ಅನ್ನುತ್ತದೆ, ಪಿಕ್ಕಾಸು ಬೇಕು. ಗುಂಡಿಯ ಗೋಡೆಯನ್ನು ಚೂರಿಯಿಂದ ಕೆರೆದು ಒಂದು ಹೆಂಟೆ ತೆಗೆದು ಬಿಸಿಲಿಗೆ ಹಿಡಿಯಿರಿ. ಮೈ ಮೇಲೆ ಅಲ್ಲಲ್ಲಿ ಮೇಣ ಸವರಿದ ಹಾಗೆ ಹೊಳಪು ಕಾಣುತ್ತದೆ. ಮಳೆನೀರು ಮೇಲಿನ ಪದರದ ಜೇಡಿಯನ್ನು ಹೊತ್ತು ತಂದು ಬಳಿದು ಹೋದದ್ದು ಅದು. ಅದಕ್ಕೇ ಕೆಳಗೆ ಹೋದಷ್ಟು ಮಣ್ಣು ಅಂಟು. ಒದ್ದೆ ಮಾಡಿ ಹೆಬ್ಬೆರಳಿಂದ ಒತ್ತಿದರೆ ಮೇಲಿನ ಮಣ್ಣು ಅರ್ಧ ಇಂಚಿಗೆ ತುಂಡಾಗುತ್ತದೆ, ಇದು ಎರಡು ಇಂಚು ಪಟ್ಟಿ ಬರುತ್ತದೆ.

ಇನ್ನು ಆ ಹರಳುಕಲ್ಲು. ಒಂದನ್ನು ತೊಳೆದು ಅಂಗಳದಲ್ಲಿಟ್ಟು ಸುತ್ತಿಗೆಯಿಂದ ಒಡೆಯಿರಿ. ಹೊರಗೆ ನಯವಾದ ಕಂದು ಹೊಳಪು, ಒಳಗೆ ಈರುಳ್ಳಿಯ ಹಾಗೆ ಸುತ್ತು ಸುತ್ತು, ನಡುವೆ ಹಳದಿ ಹುಡಿ. ಹೊಳೆ ತಂದು ಹಾಕಿದ ಕಲ್ಲಲ್ಲ ಅದು, ಮಣ್ಣಿನೊಳಗೇ ಹುಟ್ಟಿದ ಕಬ್ಬಿಣದ ಗಂಟು. ಮಳೆಗಾಲದಲ್ಲಿ ಕಬ್ಬಿಣ ಕರಗಿ ಚಲಿಸುತ್ತದೆ, ಬೇಸಗೆಯಲ್ಲಿ ಗಾಳಿ ಸಿಕ್ಕಿ ಗಟ್ಟಿಯಾಗುತ್ತದೆ. ಇದು ಸಾವಿರಾರು ವರ್ಷ ನಡೆದರೆ ಹೀಗೆ ಗಂಟು ಕಟ್ಟುತ್ತದೆ. ಗಂಟುಗಳು ಒಂದಕ್ಕೊಂದು ಬೆಸೆದರೆ ಮುರಕಲ್ಲು. ಇನ್ನೆರಡು ಅಡಿ ಇಳಿದಿದ್ದರೆ ನಿಮಗೂ ಅದೇ ಸಿಗುತ್ತಿತ್ತು ಅಂತ ನನ್ನ ಅಂದಾಜು. ತೂತು ತೂತು ಕಲ್ಲು, ತೂತಿನೊಳಗೆ ಹಳದಿ ಜೇಡಿ. ನೆಲದಲ್ಲಿ ಇರುವಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಈಸ್ಟ್ ಇಂಡಿಯಾ ಕಂಪನಿಗಾಗಿ ಊರೂರು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪುರಂನಲ್ಲಿ ಕಂಡು 1807ರಲ್ಲಿ ಅಚ್ಚಾದ ತನ್ನ ಬರವಣಿಗೆಯಲ್ಲಿ. ಲ್ಯಾಟಿನ್ನಿನಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಅಂತ ಅರ್ಥ. ಮುರಕಲ್ಲಿನ ಇನ್ನೊಂದು ಹೆಸರಾದ ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಉಂಟಲ್ಲ ಮಾರಾಯ್ರೆ!

ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು. ಬಾವಿ ತೋಡುವವರಿಗೆ ಇದರ ಪರಿಚಯ ಚೆನ್ನಾಗಿ ಇರುತ್ತದೆ. ಬಿಳಿ, ತಿಳಿ ಗುಲಾಬಿ, ಹಳದಿ, ಮುಟ್ಟಿದರೆ ಪೌಡರಿನ ಹಾಗೆ. ಒಣಗಿದಾಗ ಗೋಡೆಯಷ್ಟು ಗಟ್ಟಿ ನಿಲ್ಲುತ್ತದೆ, ನೀರು ಕುಡಿದರೆ ಸಾರಿನ ಹಾಗೆ ಜಾರುತ್ತದೆ. ಗುಡ್ಡೆಯನ್ನು ನೆಟ್ಟಗೆ ಕಡಿದ ಕಡೆ ಮಳೆಗಾಲದಲ್ಲಿ ಕುಸಿಯುವುದಕ್ಕೆ ಇದೂ ಒಂದು ಕಾರಣ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ಬಂದು ತಡೆದು ನಿಲ್ಲುತ್ತದೆ, ಗುಡ್ಡೆಯ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ದಕ್ಷಿಣ ಕನ್ನಡದ ಅಡ್ಯನಡ್ಕದ ಕೃಷಿಕ ಅಮೈ ಮಹಾಲಿಂಗ ನಾಯ್ಕರು ಗುಡ್ಡೆಗೆ ಸುರಂಗ ಕೊರೆದು ನೀರು ತಂದದ್ದು ಇಂಥ ನೆಲದಲ್ಲೇ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎಲ್ಲಕ್ಕಿಂತ ಅಡಿಯಲ್ಲಿ ಕರಿಗಲ್ಲು. ಅದು ಕರಗಿ ಕರಗಿ ಮೇಲಿನ ಇಷ್ಟೂ ಆಗಿದೆ. ಎಷ್ಟು ನಿಧಾನ ಅಂದರೆ, ಇಂಥ ಕಲ್ಲಿನಲ್ಲೇ ಕೆತ್ತಿದ ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಹೆಚ್ಚುಕಮ್ಮಿ ಆರು ನೂರು ಮಳೆಗಾಲ ನೆನೆದರೂ ಮುಖದ ನಗು ಮಾಸಿಲ್ಲ. ನಿಮ್ಮ ಗುಂಡಿಯಲ್ಲಿ ಅಡಿಗಟ್ಟಲೆ ಮಣ್ಣು ಉಂಟು. ಲೆಕ್ಕ ನೀವೇ ಹಾಕಿ.

ಈಗ ಹುಳಿಯ ವಿಷಯ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಇಷ್ಟು ನೀರು ಮಣ್ಣನ್ನು ತೊಳೆಯುವಾಗ ಹುಳಿಯನ್ನು ತಡೆಯುವ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಮೊದಲು ಹೋಗುತ್ತವೆ. ಅಷ್ಟು ಸುಲಭಕ್ಕೆ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಯುತ್ತವೆ. ಕೆಂಪು ಬಣ್ಣ ಆ ಕಬ್ಬಿಣದ್ದು. ನಿಮ್ಮ ಚೀಟಿಯಲ್ಲಿ ಪೊಟ್ಯಾಷ್ ಕಮ್ಮಿ ಬಂದದ್ದೂ ಇದಕ್ಕೇ. ಪಿಎಚ್ 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಒಂದೊಂದು ಅಂಕ ಇಳಿದ ಹಾಗೆ ಹುಳಿ ಹತ್ತು ಪಟ್ಟು ಏರುತ್ತದೆ. ಹಾಗಾಗಿ 5.1ಕ್ಕೂ 6.1ಕ್ಕೂ ಸಣ್ಣ ವ್ಯತ್ಯಾಸ ಅಂತ ತಿಳಿಯಬೇಡಿ. ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಅಲ್ಯುಮಿನಿಯಂ ಕರಗಲು ಶುರುವಾಗಿ ಎಳೆ ಬೇರಿನ ತುದಿಯನ್ನು ಸುಡುತ್ತದೆ. ರಂಜಕವನ್ನು (ಫಾಸ್ಫರಸ್) ಕಬ್ಬಿಣವೂ ಅಲ್ಯುಮಿನಿಯಂ ಕೂಡ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಟ್ಟುಕೊಡುವುದಿಲ್ಲ.

ಕಾಡಿನ ಗಿಡಗಳು ಇದಕ್ಕೆ ಹೊಂದಿಕೊಂಡಿವೆ. ನೇರಳೆ ಬಣ್ಣದ ಹೂ ಬಿಟ್ಟು, ಹಣ್ಣು ತಿಂದರೆ ನಾಲಗೆ ಕಪ್ಪಾಗುವ ನೆಕ್ಕರಿಕ ನಿಮ್ಮ ಹಾಡಿಯ ಅಂಚಿನಲ್ಲಿ ಖಂಡಿತ ಇರುತ್ತದೆ. ಅದು ಅಲ್ಯುಮಿನಿಯಂ ಅನ್ನು ಎಲೆಯಲ್ಲಿ ತುಂಬಿಸಿಕೊಂಡು ಆರಾಮವಾಗಿ ಬದುಕುತ್ತದೆ. ದೊಡ್ಡ ಮರಗಳ ಬೇರಿಗೆ ಶಿಲೀಂಧ್ರಗಳ ಸಹಾಯ. ನಾವು ತಂದು ನೆಡುವ ಗಿಡಗಳಿಗೆ ಈ ವ್ಯವಸ್ಥೆ ಎಲ್ಲ ಎಲ್ಲಿಂದ ಬರಬೇಕು?

ನಾನು ಪೆಟ್ಟು ತಿಂದದ್ದು ಇಲ್ಲೇ. ತೋಟ ಸ್ವಲ್ಪ ಹಿಗ್ಗಿಸುವ ಅಂತ ಹಾಡಿಯ ಇಪ್ಪತ್ತು ಸೆಂಟ್ಸ್ ಜಾಗವನ್ನು ಜೆಸಿಬಿ ತರಿಸಿ ಸಮತಟ್ಟು ಮಾಡಿಸಿದೆ. ಮೇಲಿನ ಕಪ್ಪು ಮಣ್ಣನ್ನು ಇಳಿಜಾರಿಗೆ ದೂಡಿಸಿದ್ದೂ ನಾನೇ, ‘ಕಸ ಹೋಯಿತು’ ಅಂತ ಖುಷಿಪಟ್ಟದ್ದೂ ನಾನೇ. ಹೊರಗೆ ಬಂದ ಕೆಂಪು ನೆಲದಲ್ಲಿ ಗುಂಡಿ ತೆಗೆದು, ಹಟ್ಟಿಗೊಬ್ಬರ ಹಾಕಿ ಅಡಿಕೆ ಸಸಿ ನೆಟ್ಟೆ. ಮೊದಲ ಮಳೆಗಾಲ ಚಂದ ಇತ್ತು. ಶಿವರಾತ್ರಿ ಹೊತ್ತಿಗೆ ಹಳದಿ. ಎರಡನೇ ವರ್ಷ ಅರ್ಧ ಸಸಿ ಹೋದವು. ಒಂದನ್ನು ಕಿತ್ತು ನೋಡಿದೆ. ಬೇರು ನಾನು ಗೊಬ್ಬರ ತುಂಬಿದ ಗುಂಡಿಯೊಳಗೇ ಚಟ್ಟಿಯಲ್ಲಿಟ್ಟ ಹಾಗೆ ಸುತ್ತಿತ್ತು. ಕೆಂಪು ಗೋಡೆಯನ್ನು ಮುಟ್ಟಿದ ಕಡೆ ತುದಿ ಮೋಟು, ದಪ್ಪ, ಕಂದು. ಅತ್ತ ಇಳಿಜಾರಿಗೆ ದೂಡಿದ ರಾಶಿಯ ಮೇಲೆ ಯಾರೂ ನೆಡದ ಪಪ್ಪಾಯಿ ಗಿಡ ಕಾಯಿ ಬಿಟ್ಟು ನಿಂತಿತ್ತು. ಮನೆಯವಳು ಅದನ್ನು ತೋರಿಸಿ ಏನೂ ಹೇಳಲಿಲ್ಲ, ಸುಮ್ನೆ ನಕ್ಕಳು.

ಸರಿ ಮಾಡಲಿಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು. ದೂಡಿದ ಮಣ್ಣಲ್ಲಿ ಸಿಕ್ಕಿದಷ್ಟನ್ನು ಬುಟ್ಟಿಯಲ್ಲಿ ಹೊತ್ತು ತಂದೆವು. ಕಣಿ (ಚರಂಡಿ) ತೆಗೆದು ತೆಂಗಿನ ಸಿಪ್ಪೆ ಹೂತೆವು. ಪರೀಕ್ಷೆ ಮಾಡಿಸಿ ಅದರ ಪ್ರಕಾರ ಸುಣ್ಣ ಕೊಟ್ಟೆವು. ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಮೂರು ವಾರವಾದರೂ ಅಂತರ ಇರಲಿ. ರಂಜಕಕ್ಕೆ ಶಿಲಾರಂಜಕ (ರಾಕ್ ಫಾಸ್ಫೇಟ್) ಸಾಕು, ಅದು ಕರಗಲಿಕ್ಕೆ ಹುಳಿ ಮಣ್ಣೇ ಬೇಕು. ಆದರೆ ಸುಣ್ಣ ಹಾಕಿದ ಕೂಡಲೇ ಅದನ್ನು ಹಾಕಿದರೆ ಪ್ರಯೋಜನ ಇಲ್ಲ.

ನಿಮ್ಮ ಪರೀಕ್ಷೆಯ ಚೀಟಿಯ ಬಗ್ಗೆ ಒಂದು ಮಾತು, ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಲ್ಯಾಬಿನಲ್ಲಿ ಮಣ್ಣನ್ನು 2 ಮಿಲಿಮೀಟರ್ ಜರಡಿಯಲ್ಲಿ ಸಾಣಿಸಿ, ಉಳಿದ ಹರಳನ್ನು ಬಿಸಾಡಿ, ಕೆಳಗೆ ಬಿದ್ದ ಹುಡಿಯನ್ನಷ್ಟೇ ಪರೀಕ್ಷಿಸುತ್ತಾರೆ. ಅಂದರೆ ಚೀಟಿಯಲ್ಲಿರುವ ಅಂಕಿ ಹುಡಿ ಮಣ್ಣಿನದು, ನಿಮ್ಮ ನೆಲದ್ದಲ್ಲ. ನಾನು ಒಮ್ಮೆ ನಮ್ಮ ಕೆಂಪು ಪದರದ ಒಣ ಮಣ್ಣು ನಾಲ್ಕು ಕಿಲೋ ಸಾಣಿಸಿ ತೂಗಿದೆ. ಹರಳೇ 2.3 ಕಿಲೋ! ಕಬ್ಬಿಣದ ಕಲ್ಲು ಭಾರ, ಹಾಗಾಗಿ ಗಾತ್ರದಲ್ಲಿ ನೋಡಿದರೆ ಮೂರರಲ್ಲಿ ಒಂದು ಪಾಲು ಅನ್ನಬಹುದು. ಆ ಒಂದು ಪಾಲಿನಲ್ಲಿ ಗಿಡಕ್ಕೆ ಸಿಗುವ ನೀರೂ ಇಲ್ಲ, ಸತ್ವವೂ ಇಲ್ಲ. ‘ಇಂಗಾಲ ಅಧಿಕ’ ಅನ್ನುವುದನ್ನೂ ಮೇಲಿನ ಪದರದಲ್ಲಿ ಹರಳು ಎಷ್ಟಿದೆಯೋ ಅಷ್ಟು ಇಳಿಸಿಯೇ ಓದಬೇಕು. ಇಂಥ ಮಣ್ಣಿಗೆ ಮಳೆನೀರು ಬೇಗ ಇಂಗುತ್ತದೆ, ಅದು ಲಾಭ. ಹಿಡಿದಿಟ್ಟುಕೊಳ್ಳುವುದು ಕಮ್ಮಿ, ಮಾರ್ಚಿಗೇ ಒಣಗುತ್ತದೆ.

ಪದರ ಪದರವಾಗಿ ಬೇರೆ ಬೇರೆ ಪರೀಕ್ಷೆ ಮಾಡಿಸಿ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರ, ಅಲ್ಲಿ ವಿಚಾರಿಸಿ. ನಮ್ಮಲ್ಲಿ ಮೇಲಿನ ಗೇಣು 5.4, ಎರಡು ಅಡಿ ಕೆಳಗೆ 4.9 ಬಂದಿತ್ತು. ಎಲೆಯ ಮೂಲಕ ಸುಣ್ಣದ ಅಂಶ ಪ್ರತಿ ವರ್ಷ ಮೇಲಕ್ಕೆ ವಾಪಸ್ ಬರುತ್ತದಲ್ಲ, ಅದಕ್ಕೇ ಮೇಲೆ ಹುಳಿ ಕಮ್ಮಿ. ಹಾಡಿಗೆ ಸುಣ್ಣ ಹಾಕುವ ಯೋಚನೆ ಇದ್ದರೆ ಬಿಡಿ, ಅಲ್ಲಿರುವ ಗಿಡಗಳಿಗೆ ಅದು ಬೇಕಾಗಿಲ್ಲ. ತರಗೆಲೆ ಗುಡಿಸಿ ತೋಟಕ್ಕೆ ತರುವುದಾದರೆ ಪ್ರತಿ ವರ್ಷ ಒಂದೇ ಕಡೆಯಿಂದ ತರಬೇಡಿ.

ಗುಂಡಿ ಇನ್ನೂ ತೆರೆದೇ ಉಂಟು ಅಂದಿರಿ. ಮುಚ್ಚುವಾಗ ಕೆಂಪು ಮಣ್ಣು ಮೊದಲು ಹಾಕಿ, ಕಪ್ಪು ಆಮೇಲೆ, ಎಲ್ಲಕ್ಕಿಂತ ಮೇಲೆ ನಾಲ್ಕು ಬುಟ್ಟಿ ತರಗೆಲೆ. ಅಲ್ಲಿಯವರೆಗೆ ದನ ಬೀಳದ ಹಾಗೆ ಎರಡು ಅಡಿಕೆ ದಬ್ಬೆ ಅಡ್ಡ ಕಟ್ಟಿಡಿ.