ಮಾಲ್ಟಾದಲ್ಲಿ ಜೂನ್ ತಿಂಗಳಿಗೆ ಬಿತ್ತಬೇಡಿ

ಅಕ್ಕಾ, ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾದ ನಿಮ್ಮ ತಾರಸಿಯಲ್ಲಿ ಜೂನ್ ತಿಂಗಳು ಹಾಕಿದ ಮೆಂತ್ಯ, ಕೊತ್ತಂಬರಿ, ಮೂಲಂಗಿ ಎಲ್ಲ ಸುಟ್ಟುಹೋಯಿತು, ಮಣ್ಣೇ ಸರಿಯಿಲ್ಲವಾ ಅಂತ ಕೇಳಿದ್ದೀರಿ. ಮಣ್ಣಲ್ಲ, ತಿಂಗಳು ತಪ್ಪಿದೆ.

ನಮ್ಮಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ಅಲ್ಲಿ ಮಳೆ ಪೂರ್ತಿ ನಿಂತಿರುತ್ತದೆ. ಬೇಸಿಗೆಯಲ್ಲಿ ಮೆಡಿಟರೇನಿಯನ್ ಮೇಲೆ ಅಧಿಕ ಒತ್ತಡದ ಗಾಳಿ ಕೂತುಬಿಡುತ್ತದೆ, ಮೋಡಗಳು ಉತ್ತರಕ್ಕೇ ಹೊರಟುಹೋಗುತ್ತವೆ. ಚಳಿಗಾಲದಲ್ಲಿ ಆ ಒತ್ತಡ ದಕ್ಷಿಣಕ್ಕೆ ಸರಿದಾಗ ಪಶ್ಚಿಮದಿಂದ ಮಳೆ ಬರುತ್ತದೆ. ವರ್ಷಕ್ಕೆ ಸುಮಾರು 550 ಮಿ.ಮೀ., ಹೆಚ್ಚಿನದೆಲ್ಲ ಸೆಪ್ಟೆಂಬರಿನಿಂದ ಮಾರ್ಚ್ ಒಳಗೆ. ಹಾಗಾಗಿ ಸೊಪ್ಪು, ಮೂಲಂಗಿ, ಬಟಾಣಿ, ಈರುಳ್ಳಿ, ಕೋಸನ್ನು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಹಾಕಿ. ಹಿಮ ಬಿದ್ದೀತು ಅನ್ನೋ ಭಯ ಬೇಡ. ಜನವರಿ ರಾತ್ರಿಗಳಲ್ಲೂ ಸಾಮಾನ್ಯವಾಗಿ 9–10 ಡಿಗ್ರಿ ಇರುತ್ತದೆ. ಬೆಂಡೆ, ಬದನೆ, ಮೆಣಸಿನಕಾಯಿಯನ್ನು ಮಾತ್ರ ಮಾರ್ಚ್–ಏಪ್ರಿಲ್‌ಗೆ ಇಟ್ಟುಕೊಳ್ಳಿ. ಅವಕ್ಕೆ ಬೇಸಿಗೆಪೂರ್ತಿ ನೀವೇ ನೀರು ಕೊಡಬೇಕು.

ನೀರೇ ಅಲ್ಲಿನ ದೊಡ್ಡ ಚಿಂತೆ. ಇಡೀ ದೇಶ 316 ಚದರ ಕಿ.ಮೀ., ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮೋಡ ತಡೆಯುವಂಥ ಬೆಟ್ಟವೂ ಇಲ್ಲ, ದಿಂಗ್ಲಿ ಅನ್ನೋ ಊರಿನ ಹತ್ತಿರದ ಅತಿ ಎತ್ತರದ ಜಾಗವೇ ಸುಮಾರು 253 ಮೀಟರ್. ಕೆಳಗೆ ಬರೀ ಸುಣ್ಣದ ಕಲ್ಲು, ಬಿದ್ದ ನೀರು ಸಂದಿಗಳಲ್ಲಿ ಇಳಿದುಹೋಗುತ್ತದೆ. ನಡುವೆ ನೀಲಿ ಜೇಡಿಯ ಪದರ ಇರುವ ಕಡೆ ಮಾತ್ರ ನೀರು ತಡೆದು ಒರತೆಯಾಗಿ ಹೊರಬರುತ್ತದೆ. ಕುಡಿಯುವ ನೀರಲ್ಲಿ ಅರ್ಧಕ್ಕಿಂತ ಜಾಸ್ತಿ ಸಮುದ್ರದ ನೀರನ್ನೇ ಶುದ್ಧಮಾಡಿ ಕೊಡುವುದು. ನಿಮ್ಮ ತಾರಸಿ 20 ಚದರ ಮೀಟರ್ ಇದ್ದರೂ ವರ್ಷಕ್ಕೆ ಸುಮಾರು 11,000 ಲೀಟರ್ ಮಳೆನೀರು ಬೀಳುತ್ತದೆ. ಅದರಲ್ಲಿ ಒಂದೆರಡು ಡ್ರಮ್ ಆದರೂ ಹಿಡಿದಿಡಿ. ಹಳೆಯ ಮನೆಗಳ ಕೆಳಗೆ ಮಳೆನೀರಿನ ತೊಟ್ಟಿ ಇರುತ್ತದೆ, ಮನೆ ಮಾಲೀಕರನ್ನು ಕೇಳಿ ನೋಡಿ.

ಅಲ್ಲಿನ ಮಣ್ಣು ತೆಳು, ಆದರೆ ಜನಕ್ಕೆ ಅದರ ಬೆಲೆ ಗೊತ್ತು. ಕಟ್ಟಡ ಕಟ್ಟುವಾಗ ಫಲವತ್ತಾದ ಮಣ್ಣನ್ನು ಹೂತುಹಾಕುವಂತಿಲ್ಲ ಅಂತ ಕಾನೂನೇ ಇದೆ! ಗಾರೆ ಇಲ್ಲದೆ ಕಟ್ಟಿದ ಕಲ್ಲುಗೋಡೆಗಳೇ ಆ ಮಣ್ಣನ್ನು ಇಳಿಜಾರಿನಲ್ಲಿ ಹಿಡಿದಿಟ್ಟಿರುವುದು. ಸುಣ್ಣದ ಅಂಶ ಜಾಸ್ತಿ ಇರುವುದರಿಂದ ಗಿಡಕ್ಕೆ ಕಬ್ಬಿಣ ಸರಿಯಾಗಿ ಸಿಗುವುದಿಲ್ಲ. ನರ ಹಸಿರಾಗೇ ಇದ್ದು ಎಳೆ ಎಲೆ ಹಳದಿಯಾದರೆ ಸುಮ್ನೆ ಯೂರಿಯಾ ಸುರಿಯಬೇಡಿ. ಕಾಂಪೋಸ್ಟ್ ಹಾಕಿ, ಚಿಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಕೊಡಿ.

ಗಾಳಿಯನ್ನೂ ಮರೆಯಬೇಡಿ. ವಾಯವ್ಯದ ಮಯ್ಯಿಸ್ತ್ರಾಲ್ ಅಲ್ಲಿ ಹೆಚ್ಚು ಬೀಸುವ ಗಾಳಿ. ಆಗ್ನೇಯದ ಶ್ಲೊಕ್ ಆಫ್ರಿಕಾದ ಧೂಳನ್ನೂ ಹೊತ್ತು ತರುತ್ತದೆ. ಅಲ್ಲಿನ ರೈತರು ಹೊಲದ ಸುತ್ತ ಪಾಪಸ್ ಕಳ್ಳಿ ಬೆಳೆಸುವುದು ಇದಕ್ಕೇ. ನೀವು ಕುಂಡಗಳನ್ನು ತಾರಸಿ ಗೋಡೆಯ ಮರೆಗೆ ಸರಿಸಿ.

ಇನ್ನೊಂದು ವಿಷಯ, ಊರಿಂದ ಬೀಜ ತರಿಸುವುದಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಯುರೋಪಿಯನ್ ಒಕ್ಕೂಟದ ನಿಯಮ ಅದು. ಮೆಂತ್ಯ, ಕೊತ್ತಂಬರಿ ಬೀಜ ಅಲ್ಲೇ ಕೊಳ್ಳುವುದು ಸುಲಭ.